ಕಚ್ಚಿದ ಮೇಲೆ ಓಡದ ಮೀನು

ಓದುಗರ ಪ್ರಶ್ನೆ, ನಮ್ಮ ಉತ್ತರ
(ಉತ್ತರಿಸುವವರು: ತುಮಕೂರಿನ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ)

ಹೋದ ಸಂಚಿಕೆಯಲ್ಲಿ ನಂಗು ಮೀನಿನ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದು ಚಪ್ಪಟೆ ಮೀನು, ಒಂದೇ ಮಗ್ಗುಲಲ್ಲಿ ಮಲಗಿ ಬದುಕುತ್ತದೆ, ಎರಡು ಕಣ್ಣೂ ಮೇಲಿನ ಮಗ್ಗುಲಲ್ಲೇ ಇರುತ್ತವೆ ಅಂತ. ಅಷ್ಟಕ್ಕೇ ಬಂದಿರುವ ಕಾಗದಗಳನ್ನು ನೋಡಿ ತುಂಬಾ ಖುಷಿಯಾಯಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಕಡೆಯಿಂದ ಬಂದಿವೆ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕ. ಅಪ್ಪಯ್ಯ ಗಾಳ ಹಾಕುತ್ತಿದ್ದರು. ಮದುವೆಯಾಗಿ ತುಮಕೂರಿಗೆ ಬಂದೆ, ಇಲ್ಲೇ ಮಕ್ಕಳಿಗೆ ಪಾಠ ಮಾಡಿದೆ. ಬಯಲುಸೀಮೆಯಲ್ಲಿ ಕೂತು ಸಮುದ್ರದ ತಳದ ಮೀನಿನ ಬಗ್ಗೆ ಮಾತಾಡುವ ಅವಕಾಶ ದಿನಾ ಸಿಗುವುದಿಲ್ಲ. ಈ ಸಲದ ಪುಟವೆಲ್ಲ ಅದಕ್ಕೇ ಇರಲಿ.

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವನು. ಈಗ ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಊರಿನಲ್ಲಿ ನರ್ಸ್. ರಜೆ ಸಿಕ್ಕಾಗ ದಡದಲ್ಲಿ ನಿಂತು ಗಾಳ ಹಾಕುತ್ತೇನೆ. ಸಿಗುವುದು ಹೆಚ್ಚಾಗಿ ಚಪ್ಪಟೆ ಮೀನುಗಳೇ. ಡ್ಯಾಬ್, ಫ್ಲೌಂಡರ್, ಅಪರೂಪಕ್ಕೊಂದು ಪ್ಲೇಸ್. ನಮ್ಮೂರ ಕೆರೆಯಲ್ಲಿ ಬೆಂಡು ಮುಳುಗಿದ ತಕ್ಷಣ ಎಳೆದು ಅಭ್ಯಾಸ. ಇಲ್ಲಿ ರಾಡ್ ತುದಿ ಸಣ್ಣಗೆ ನಡುಗುತ್ತದೆ, ಆಮೇಲೆ ಏನೂ ಇಲ್ಲ. ಆಗಲೇ ಎಳೆದರೆ ಗಾಳ ಖಾಲಿ. ಹತ್ತು ನಿಮಿಷ ಬಿಟ್ಟು ಎಳೆದರೆ ಗಾಳ ಹೊಟ್ಟೆಯೊಳಗೆ. ಅಂಗೈಯಷ್ಟು ಮರಿ, ಬಿಟ್ಟರೂ ಬದುಕುವ ಹಾಗಿರುವುದಿಲ್ಲ. ಮನಸ್ಸಿಗೆ ಕಷ್ಟವಾಗುತ್ತದೆ. ಅಲ್ಲಿ ಕೆಳಗೆ ಆ ಮೀನು ಏನು ಮಾಡುತ್ತಿರುತ್ತದೆ ಮೇಡಂ?

ಉತ್ತರ: ಮೀನು ಹಿಡಿಯುವುದು ಹೇಗೆ ಅಂತ ಕೇಳುವವರೇ ಜಾಸ್ತಿ. ನೀವು ಮೀನು ಏನು ಮಾಡುತ್ತಿರುತ್ತದೆ ಅಂತ ಕೇಳಿದ್ದೀರಿ. ಅದು ಗೊತ್ತಾದರೆ ಮಿಕ್ಕಿದ್ದು ತಾನಾಗಿ ಸರಿಹೋಗುತ್ತದೆ.

ಮೊದಲು ಒಂದು ವಿಷಯ. ನಿಮ್ಮೂರ ಕೆರೆಯ ಕಾಟ್ಲಾ, ರೋಹು ಮೀನುಗಳ ಹೊಟ್ಟೆಯಲ್ಲಿ ಒಂದು ಗಾಳಿಚೀಲ ಇರುತ್ತದೆ. ಅದರಿಂದಾಗಿ ಅವು ನಡುನೀರಿನಲ್ಲಿ ಆರಾಮಾಗಿ ನಿಲ್ಲುತ್ತವೆ. ಬೆಳೆದ ಚಪ್ಪಟೆ ಮೀನಿಗೆ ಆ ಚೀಲ ಇಲ್ಲ. ಈಜು ನಿಲ್ಲಿಸಿತು ಅಂದರೆ ತಟ್ಟೆ ಇಳಿದ ಹಾಗೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಅದರ ಮನೆ, ಊಟ, ಬಚ್ಚಿಟ್ಟುಕೊಳ್ಳುವ ಜಾಗ ಎಲ್ಲವೂ ಮರಳೇ. ಕೆರೆಯ ಮೀನು ಎರೆಯನ್ನು ಬಾಯಿಗೆ ಹಾಕಿಕೊಂಡು ತಿರುಗಿ ಓಡುತ್ತದೆ, ಪಕ್ಕದ ಮೀನು ಕಿತ್ತುಕೊಳ್ಳುತ್ತದಲ್ಲ. ಅದು ಓಡಿದಾಗ ದಾರ ಎಳೆಯುತ್ತದೆ, ಬೆಂಡು ಮುಳುಗುತ್ತದೆ. ಚಪ್ಪಟೆ ಮೀನಿಗೆ ಓಡುವ ಕಾರಣವೇ ಇಲ್ಲ. ಕಚ್ಚಿದ ಜಾಗದಲ್ಲೇ ಕೂತು ತಿನ್ನುತ್ತದೆ. ರಾಡ್ ತುದಿ ಸುಮ್ಮನಾಯಿತು, ಮೀನು ಹೋಯಿತು ಅಂತ ನೀವು ಅಂದುಕೊಳ್ಳುತ್ತೀರಿ. ಅದೇ ಹೊತ್ತಿನಲ್ಲಿ ಅದು ಊಟ ಮಾಡುತ್ತಿರುತ್ತದೆ.

ಇನ್ನು ಅದು ಎರೆಯ ಹತ್ತಿರ ಬರುವ ಬಗೆ. ನೀವು ಗಾಳಕ್ಕೆ ಚುಚ್ಚಿದ ಹುಳುವಿನ ರಸ ನೀರಿನ ಸೆಳೆತದ ಜೊತೆ ಹರಿದು ಹೋಗುತ್ತದೆ. ಆ ವಾಸನೆ ಮೂಗಿಗೆ ಬಡಿದ ಮೀನು ಸೆಳೆತಕ್ಕೆ ಎದುರಾಗಿ ಬರುತ್ತದೆ. ಅಂದರೆ ನಿಮ್ಮ ಎರೆಗೆ ಮೀನು ಬರುವುದು ನೀರು ಹೋಗುತ್ತಿರುವ ಕಡೆಯಿಂದ. ನೀರು ಪೂರ್ತಿ ನಿಂತ ಹೊತ್ತಿನಲ್ಲಿ ವಾಸನೆಯೂ ಅಲ್ಲೇ ನಿಲ್ಲುತ್ತದೆ, ಮೀನೂ ಕಡಿಮೆ. ಹತ್ತಿರ ಬಂದ ಮೇಲೆ ಕೆಲಸ ಕಣ್ಣಿನದು. ಪ್ಲೇಸ್, ಫ್ಲೌಂಡರ್, ಡ್ಯಾಬ್ ಈ ಮೂರೂ ಕಣ್ಣನ್ನು ನಂಬಿ ಬದುಕುವ ಜಾತಿಗಳು. ಕಣ್ಣು ಎರಡೂ ಬಟಾಣಿ ಕಾಳಿನ ಹಾಗೆ ಮೇಲೆ ಎದ್ದಿರುತ್ತವೆ. ಒಂದು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದಕ್ಕೆ ತಿರುಗಬಹುದು. ಮೀನು ತಲೆಯನ್ನು ಮರಳಿನಿಂದ ಸ್ವಲ್ಪ ಎತ್ತಿ ಸುತ್ತ ನೋಡುತ್ತದೆ. ಅಂಚಿನ ರೆಕ್ಕೆಗಳನ್ನು ಅಲೆ ಅಲೆಯಾಗಿ ಆಡಿಸುತ್ತಾ ಸ್ವಲ್ಪ ಜಾರುತ್ತದೆ, ನಿಲ್ಲುತ್ತದೆ. ಮತ್ತೆ ಜಾರುತ್ತದೆ, ನಿಲ್ಲುತ್ತದೆ. ಆಮೇಲೆ ಒಂದೇ ಸಲ ಮುಂದಕ್ಕೆ ಹಾರಿ ಎರೆಯ ಮೇಲೆ ಬೀಳುತ್ತದೆ.

ಇಲ್ಲಿ ಬಾಯಿ ನೋಡಬೇಕು ನೀವು. ಮುಂದಿನ ಸಲ ಪ್ಲೇಸ್ ಸಿಕ್ಕಾಗ ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಬಾಯಿ ನೆಟ್ಟಗಿರುವುದಿಲ್ಲ, ಕೆಳ ಮಗ್ಗುಲಿಗೆ ಸೊಟ್ಟಗಿರುತ್ತದೆ. ಬಿಳಿ ಮಗ್ಗುಲಿನ ದವಡೆ ಮತ್ತು ಹಲ್ಲು ಹೆಚ್ಚು ಗಟ್ಟಿ. ಊಟ ಇರುವುದು ಕೆಳಗೆ ತಾನೆ, ಅದಕ್ಕೆ. ಈ ಮೀನು ಮರಳಿನಲ್ಲಿ ಹುದುಗಿದ ಚಿಪ್ಪುಜೀವಿಗಳು ಹೊರಗೆ ಚಾಚುವ ಕೊಳವೆಯ ತುದಿಯನ್ನು ಕಚ್ಚಿ ತಿನ್ನುತ್ತದೆ. ಮರಳುಹುಳು ಬಿಲದ ಬಾಯಿಗೆ ಬಾಲ ತಂದಾಗ ಆ ಬಾಲದ ತುದಿಯನ್ನೂ ಕತ್ತರಿಸಿಕೊಳ್ಳುತ್ತದೆ. ಅಂದರೆ ತುದಿಯಿಂದ ಚೂರು ಚೂರು ಕಿತ್ತು ತಿನ್ನುವುದು ಅದರ ಹುಟ್ಟು ಅಭ್ಯಾಸ.

ಈಗ ನಿಮ್ಮ ಗಾಳ ನೆನಪಿಸಿಕೊಳ್ಳಿ. ಉದ್ದನೆಯ ಹುಳು ಚುಚ್ಚಿ, ಅರ್ಧ ಕೆಳಗೆ ಜೋತಾಡುವ ಹಾಗೆ ಬಿಟ್ಟಿರುತ್ತೀರಿ ಅಲ್ವಾ? ಮೊದಲ ನಡುಕ ಬಂದಾಗ ಮೀನಿನ ಬಾಯಲ್ಲಿ ಇರುವುದು ಆ ಜೋತಾಡುವ ತುದಿ ಮಾತ್ರ. ಕೊಕ್ಕೆ ಇನ್ನೂ ದೂರದಲ್ಲಿದೆ. ನೀವು ಎಳೆದರೆ ಹುಳು ಹರಿಯುತ್ತದೆ, ಗಾಳ ಖಾಲಿ ಬರುತ್ತದೆ. ಹತ್ತು ನಿಮಿಷ ಬಿಟ್ಟರೆ ಅದು ಚೂರು ಚೂರಾಗಿ ಎಳೆದುಕೊಂಡು ಎಲ್ಲವನ್ನೂ ನುಂಗಿ, ಕೊಕ್ಕೆಯ ಸಮೇತ ಸುಮ್ಮನೆ ಮಲಗಿರುತ್ತದೆ. ನಿಮ್ಮ ಎರಡು ತೊಂದರೆಗೂ ಕಾರಣ ಒಂದೇ.

ಹಾಗಾಗಿ ಹುಳುವನ್ನು ಚಿಕ್ಕದಾಗಿ ಚುಚ್ಚಿ. ಕೊಕ್ಕೆಯ ತುದಿ ದಾಟಿ ಕಿರುಬೆರಳಿನ ಉಗುರಿನಷ್ಟು ಮಾತ್ರ ಬಿಡಿ. ಡ್ಯಾಬ್ ಬಾಯಿ ತೀರಾ ಚಿಕ್ಕದು, ಅದಕ್ಕೆ ಚಿಕ್ಕ ಕೊಕ್ಕೆಯೇ ಬೇಕು. ಕೊಕ್ಕೆಯ ಕಾಂಡ ಉದ್ದ ಇರಲಿ, ಬಿಡಿಸುವಾಗ ಬೆರಳಿಗೆ ಹಿಡಿತ ಸಿಗುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ. ರಾಡನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಚಹಾ ಕುಡಿಯಲು ಹೋಗಬೇಡಿ, ದಾರ ಬೆರಳ ಮೇಲಿರಲಿ. ನಡುಕ ಬಂದರೆ ಸ್ವಲ್ಪ ತಾಳಿ. ಎರಡನೇ ಸಲ ನಡುಗಿದಾಗ ಸಡಿಲ ದಾರವನ್ನು ಮೆಲ್ಲಗೆ ಸುತ್ತಿಕೊಳ್ಳಿ. ಒದ್ದೆ ಬಟ್ಟೆ ಎತ್ತಿದ ಹಾಗೆ ಭಾರ ಸಿಕ್ಕಿದರೆ ಮೀನಿದೆ ಅಂತ ಅರ್ಥ. ಜೋರಾಗಿ ಜಗ್ಗಬೇಡಿ, ಸುಮ್ನೆ ಸುತ್ತುತ್ತಾ ಬನ್ನಿ. ಚಪ್ಪಟೆ ಮೈಗೆ ನೀರು ಅಡ್ಡ ಸಿಕ್ಕುವುದರಿಂದ ಚಿಕ್ಕದೂ ಭಾರ ಅನ್ನಿಸುತ್ತದೆ.

ಇಷ್ಟು ಮಾಡಿದರೂ ಒಂದೊಂದು ಸಲ ಮರಿ ಗಾಳ ನುಂಗಿಬಿಟ್ಟಿರುತ್ತದೆ. ಆಗ ಕೊಕ್ಕೆಯನ್ನು ಕಿತ್ತು ತೆಗೆಯಲು ಹೋಗಬೇಡಿ. ಬಾಯಿಯ ಹತ್ತಿರಕ್ಕೇ ದಾರ ಕತ್ತರಿಸಿ ನೀರಿಗೆ ಬಿಡಿ. ಒಳಗಿನಿಂದ ಕಿತ್ತಾಗ ಆಗುವ ಗಾಯಕ್ಕಿಂತ ಕೊಕ್ಕೆ ಒಳಗಿದ್ದರೂ ಬದುಕುವ ಅವಕಾಶ ಜಾಸ್ತಿ. ಅಲ್ಲಿನ ನಿಯಮದ ಪ್ರಕಾರ ಪ್ಲೇಸ್ 27 ಸೆಂಟಿಮೀಟರಿಗಿಂತ, ಸೋಲ್ ಅನ್ನುವ ಇನ್ನೊಂದು ಚಪ್ಪಟೆ ಮೀನು 24 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಇಟ್ಟುಕೊಳ್ಳುವಂತಿಲ್ಲ. ಒಂದು ಸ್ಕೇಲು ಜೊತೆಗಿರಲಿ.

ಇನ್ನೊಂದು ಮಾತು. ಫ್ಲೌಂಡರಿಗೆ ಅಲುಗಾಡುವ ವಸ್ತು ಅಂದರೆ ಆಸೆ. ಸೀಸದ ಗುಂಡು ಮರಳಿನ ಮೇಲೆ ಎಳೆದುಕೊಂಡು ಬಂದಾಗ ಹೊಗೆಯ ಹಾಗೆ ಮರಳು ಏಳುತ್ತದೆ. ಏನೋ ಜೀವ ಅಲ್ಲಿ ಓಡಾಡುತ್ತಿದೆ, ಇಲ್ಲಾ ಇನ್ನೊಂದು ಮೀನು ಅಲ್ಲಿ ಮೇಯುತ್ತಿದೆ ಅಂತ ಹತ್ತಿರದ ಮೀನು ನೋಡಲು ಬರುತ್ತದೆ. ನಿಮ್ಮ ಪಕ್ಕದಲ್ಲಿ ನಿಲ್ಲುವ ಹಳಬರು ಗಾಳದ ಮೇಲೆ ಬಣ್ಣದ ಮಣಿ, ಮಿನುಗುವ ಲೋಹದ ಚಮಚ ಕಟ್ಟುವುದನ್ನು ನೋಡಿರುತ್ತೀರಿ. ಅದೂ ಇದಕ್ಕೇ. ಎಸೆದು ಕೂರುವ ಬದಲು ಆಗಾಗ ಒಂದು ಮೊಳದಷ್ಟು ಎಳೆಯಿರಿ, ನಿಲ್ಲಿಸಿ. ಹೆಚ್ಚು ಸಲ ಕಚ್ಚುವುದು ಎಳೆಯುವಾಗ ಅಲ್ಲ, ನಿಂತ ಕೂಡಲೇ.

ನೀವು ಸೋಲ್ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ನನಗೆ ಹತ್ತಿರದ್ದು ಅದರ ನೆಂಟನಾದ ನಮ್ಮ ನಂಗು. ಸೋಲ್ ಮೀನು ಹಗಲೆಲ್ಲ ಮರಳಿನಲ್ಲಿ ಹುದುಗಿ ರಾತ್ರಿ ಹೊರಡುತ್ತದೆ. ಕಣ್ಣು ಚಿಕ್ಕದು, ಮೂಗು ಚುರುಕು. ತಲೆಯ ಕೆಳ ಮಗ್ಗುಲಲ್ಲಿ ಸಣ್ಣ ಸಣ್ಣ ಎಳೆಗಳಿರುತ್ತವೆ, ಮಗುವಿನ ತಲೆಯ ಮೊದಲ ಕೂದಲಿನಷ್ಟು ನವಿರು. ಅದರಿಂದ ಮರಳನ್ನು ತಡವುತ್ತಾ ಹೋಗುತ್ತದೆ. ನಂಗು ಹೀಗೆ ತಡವುವುದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೇನೆ. ಅಳಿವೆಯಲ್ಲಿ ನೀರು ಇಳಿದ ರಾತ್ರಿ. ಮೊಣಕಾಲುದ್ದ ನೀರು, ತಿಳಿಯಾಗಿತ್ತು. ಅಪ್ಪಯ್ಯ ಗ್ಯಾಸ್‌ಲೈಟ್ ಹಿಡಿದು ನಿಂತಿದ್ದರು. ಮರಳಿನ ಮೇಲೆ ಎಲೆಯ ಆಕಾರದ ಗೆರೆ ಒಂದು ಕಂಡಿತು, ಅಷ್ಟೇ. ಮೀನು ಕಾಣಲಿಲ್ಲ. ಅಪ್ಪಯ್ಯ ಸಿಪ್ಪೆ ಸುಲಿದ ಸಿಗಡಿ ಚೂರೊಂದನ್ನು ಒಂದು ಗೇಣು ಆಚೆ ಹಾಕಿದರು. ನಾನು ಬಗ್ಗಿದೆ. "ಸುಮ್ಕಿರ್, ಕಾಣ್" ಅಂದರು.

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಗೆರೆ ಅಲುಗಿತು. ಅಂಚಿನ ರೆಕ್ಕೆ ಸಣ್ಣ ಕಾಲುಗಳ ಹಾಗೆ ಮುಂದಿನಿಂದ ಹಿಂದಕ್ಕೆ ನಡೆಯಿತು. ಮೀನು ಸಿಗಡಿಯ ಪಕ್ಕದಲ್ಲೇ ಹಾದು ಮುಂದೆ ಹೋಯಿತು! ಕಣ್ಣೆದುರಿಗೆ ಇದ್ದರೂ ನೋಡಲಿಲ್ಲ. ಮುಂದೆ ಹೋಗಿ ನಿಂತು, ತಲೆಯಿಂದ ಮರಳನ್ನು ತಟ್ಟಿತು. ಎಡಕ್ಕೆ ತಟ್ಟಿತು, ಬಲಕ್ಕೆ ತಟ್ಟಿತು. ತಿರುಗಿ ಬಂದು ಮತ್ತೆ ತಟ್ಟಿತು. ಈ ಸಲ ಕೆನ್ನೆ ಸಿಗಡಿಗೆ ತಾಗಿತು. ತಾಗಿದ್ದೇ ತಡ, ತಲೆ ಅದರ ಮೇಲೆ ಇಟ್ಟಿತು. ಸಿಗಡಿ ಕಾಣದಾಯಿತು. ಮೈ ಒಂದು ಸಲ ನಡುಗಿತು. ಅಷ್ಟೇ. ಆ ನಡುಕ ಇದೆಯಲ್ಲ, ಅದೇ ನಿಮ್ಮ ರಾಡ್ ತುದಿಗೆ ಬರುವ ನಡುಕ. ಆಮೇಲೆ ಮೀನು ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಮಲಗಿ ಎರಡು ಸಲ ಮೈ ಒದರಿ ಮರಳು ಹೊದ್ದುಕೊಂಡಿತು. ನಾನು ನೋಡುತ್ತಿದ್ದ ಹಾಗೆಯೇ ಮತ್ತೆ ಗೆರೆ ಆಯಿತು.

ಅದಕ್ಕೇ ಹೇಳಿದ್ದು, ಸೋಲ್ ಬೇಕಿದ್ದರೆ ಕತ್ತಲಾದ ಮೇಲೆ ಹೋಗಿ. ಅದರ ಎರೆಯನ್ನು ಎಳೆದಾಡಬೇಡಿ. ವಾಸನೆ ಹಿಡಿದು ತಡವುತ್ತಾ ಬರುವ ಮೀನಿಗೆ ಎರೆ ಜಾಗ ಬದಲಾಯಿಸಿದರೆ ಹುಡುಕುವ ಕೆಲಸ ಮೊದಲಿಂದ. ಎರೆ ತಾಜಾ ಇರಲಿ. ಬಹಳ ಹೊತ್ತು ನೀರಲ್ಲಿ ನೆನೆದು ಬೆಳ್ಳಗಾದ ಹುಳುವಿನಲ್ಲಿ ರಸ ಉಳಿದಿರುವುದಿಲ್ಲ.

ಉಬ್ಬರ ಇಳಿತದ ಲೆಕ್ಕವನ್ನೂ ಗಮನಿಸಿ. ನೀವಿರುವ ಅದೇ ನಾರ್ತ್ ಸೀಯಲ್ಲಿ 1970ರ ದಶಕದಲ್ಲಿ ವಿಜ್ಞಾನಿಗಳು ಪ್ಲೇಸ್ ಮೀನುಗಳಿಗೆ ಸದ್ದು ಹೊರಡಿಸುವ ಚಿಕ್ಕ ಟ್ಯಾಗ್ ಕಟ್ಟಿ ಹಡಗಿನಿಂದ ಹಿಂಬಾಲಿಸಿದರು. ದೂರ ಹೋಗಬೇಕಾದ ಮೀನು ತನಗೆ ಬೇಕಾದ ದಿಕ್ಕಿಗೆ ಸೆಳೆತ ಇದ್ದಾಗ ಮೇಲೆದ್ದು ಅದರ ಜೊತೆ ಸಾಗುತ್ತಿತ್ತು. ಸೆಳೆತ ತಿರುಗಿದಾಗ ಕೆಳಗಿಳಿದು ತಳದಲ್ಲೇ ಕಾಯುತ್ತಿತ್ತು. ಬಸ್ಸು ಹಿಡಿದ ಹಾಗೆ. ಅಷ್ಟು ಚಪ್ಪಟೆ ಜೀವ ಇಷ್ಟು ಲೆಕ್ಕ ಇಟ್ಟುಕೊಂಡಿದೆ ಅಂತ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ.

ಪ್ರಶ್ನೆ: ಕಣ್ಣು ನಿಜವಾಗಿ ಜಾಗ ಬದಲಾಯಿಸುತ್ತದೆಯೇ? ಹುಟ್ಟುವಾಗಲೇ ಹಾಗಿರುತ್ತದೆಯೇ? ನಮ್ಮ ಮೇಷ್ಟ್ರು ಒಂದು ಹೇಳಿದರು, ಅಣ್ಣ ಇನ್ನೊಂದು ಹೇಳಿದ.
— ತಿಪಟೂರಿನ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನಿಜವಾಗಿಯೂ ಬದಲಾಯಿಸುತ್ತದೆ ಮಗಳೇ. ಮೊಟ್ಟೆಯಿಂದ ಬಂದ ಮರಿ ಎಲ್ಲ ಮೀನಿನ ಹಾಗೇ ಇರುತ್ತದೆ. ನೆಟ್ಟಗೆ ಈಜುತ್ತದೆ, ಆ ಕಡೆಗೊಂದು ಈ ಕಡೆಗೊಂದು ಕಣ್ಣು. ಕೆಲವು ವಾರ ಕಳೆದು ಸುಮಾರು ಒಂದು ಸೆಂಟಿಮೀಟರ್ ಉದ್ದ ಆಗುವ ಹೊತ್ತಿಗೆ ಒಂದು ಕಣ್ಣು ನೆತ್ತಿಯ ಕಡೆಗೆ ಸರಿಯಲು ಶುರುಮಾಡುತ್ತದೆ. ತಲೆಬುರುಡೆಯ ಮೂಳೆಯೂ ಜೊತೆಗೆ ತಿರುಚಿಕೊಳ್ಳುತ್ತದೆ. ಇದನ್ನು ನಡೆಸುವುದು ಥೈರಾಯ್ಡ್ ಹಾರ್ಮೋನು. ಗೊದಮೊಟ್ಟೆ ಕಪ್ಪೆಯಾಗುವುದಕ್ಕೂ ಅದೇ ಬೇಕು, ನಿಮ್ಮ ಪಾಠದಲ್ಲಿ ಬಂದಿರಬೇಕು. ಕಣ್ಣು ಆ ಮಗ್ಗುಲಿಗೆ ಸೇರುವ ಹೊತ್ತಿಗೆ ಮರಿ ತಳಕ್ಕೆ ಇಳಿದು ಮಲಗುತ್ತದೆ.

ನಮ್ಮ ನಂಗುವಿನ ಎರಡೂ ಕಣ್ಣು ಎಡ ಮಗ್ಗುಲಲ್ಲಿ. ಪ್ಲೇಸ್‌ನದು ಬಲಕ್ಕೆ. ನಮ್ಮ ಸಮುದ್ರದಲ್ಲೇ ಇರುವ ಇಂಡಿಯನ್ ಹ್ಯಾಲಿಬಟ್ ಅನ್ನುವ ದೊಡ್ಡ ಬಾಯಿಯ ಜಾತಿಯಲ್ಲಿ ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಅದರ ಒಂದು ಕಣ್ಣು ಪೂರ್ತಿ ದಾಟದೆ ತಲೆಯ ಅಂಚಿನಲ್ಲೇ ನಿಂತಿರುತ್ತದೆ.

ಈ ಕಣ್ಣಿನ ಮೇಲೆ ದೊಡ್ಡ ಜಗಳವೇ ನಡೆದಿದೆ. ಕಣ್ಣು ಅರ್ಧ ದಾರಿ ಸರಿದರೆ ಮೀನಿಗೆ ಏನು ಲಾಭ, ಹಾಗಾದರೆ ಸ್ವಲ್ಪ ಸ್ವಲ್ಪವಾಗಿ ವಿಕಾಸ ಆಗಿದ್ದು ಹೇಗೆ ಅಂತ 1871ರಲ್ಲಿ ಮೈವಾರ್ಟ್ ಎಂಬ ವಿಜ್ಞಾನಿ ಡಾರ್ವಿನ್ನರನ್ನು ಕೇಳಿದರು. ಡಾರ್ವಿನ್ 1872ರಲ್ಲಿ ತಮ್ಮ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ ಆರನೇ ಆವೃತ್ತಿಯಲ್ಲಿ ಉತ್ತರ ಬರೆದರು. ಆದರೆ ಕಣ್ಣಿಗೆ ಕಾಣುವ ಸಾಕ್ಷಿ ಬಂದದ್ದು 2008ರಲ್ಲಿ. ಇಟಲಿಯ ಸುಮಾರು 5 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸಿಕ್ಕಿದ ಮೀನಿನ ಪಳೆಯುಳಿಕೆಗಳನ್ನು ಮ್ಯಾಟ್ ಫ್ರೀಡ್‌ಮನ್ ಪರೀಕ್ಷಿಸಿದರು. ಒಂದು ಕಣ್ಣು ಅರ್ಧ ದಾರಿಯಲ್ಲೇ ಇತ್ತು, ಅದೂ ಬೆಳೆದ ಮೀನಿನಲ್ಲಿ. ಮೇಷ್ಟ್ರಿಗೂ ಅಣ್ಣನಿಗೂ ಇದನ್ನು ಓದಿ ಹೇಳು.

ನಾನು ಲ್ಯಾಬಿಗೆ ಮೊದಲ ಸಲ ನಂಗು ತಂದ ದಿನ ನೆನಪಿದೆ. ಟ್ರೇಯಲ್ಲಿ ಇಟ್ಟೆ. ಒಬ್ಬ ಹುಡುಗಿ ಅದನ್ನು ತಿರುಗಿಸಿ ಬಿಳಿ ಮಗ್ಗುಲನ್ನು ನೋಡಿದಳು. ಕಣ್ಣಿಲ್ಲ, ಬಣ್ಣ ಇಲ್ಲ. "ಮೇಡಂ, ಈ ಕಡೆ ಇನ್ನೂ ಬರೆದೇ ಇಲ್ಲ" ಅಂದಳು. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬಂದಿಲ್ಲ.

ಪ್ರಶ್ನೆ: ಈ ಮೀನು ನೆಲದ ಬಣ್ಣಕ್ಕೆ ತಕ್ಕಂತೆ ಬಣ್ಣ ಬದಲಾಯಿಸುತ್ತಂತೆ. ಹಾಗಾದರೆ ಅದರ ಪಕ್ಕದಲ್ಲೇ ಗಾಳ ಬಿದ್ದರೂ ಅದು ಹೆದರಿ ಓಡುವುದಿಲ್ಲವೇ?
— ಕೋಲಾರ, 10ನೇ ತರಗತಿ

ಉತ್ತರ: ಬಣ್ಣ ಬದಲಾಯಿಸುವುದು ನಿಜ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು 1996ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಿಸಿ ಸಮುದ್ರದ ಒಂದು ಜಾತಿಯ ಚಪ್ಪಟೆ ಮೀನನ್ನು ಬೇರೆ ಬೇರೆ ಚಿತ್ತಾರ ಇರುವ ತಳದ ಮೇಲೆ ಬಿಟ್ಟು ನೋಡಿದರು. ಎರಡರಿಂದ ಎಂಟು ಸೆಕೆಂಡಿನಲ್ಲಿ ಮೀನು ಆ ಚಿತ್ತಾರಕ್ಕೆ ಹೊಂದಿಕೊಂಡಿತು. ನೀನು ಶೂ ಲೇಸ್ ಕಟ್ಟುವಷ್ಟು ಹೊತ್ತು. ಇದಕ್ಕೆ ಮೀನು ಸುತ್ತಲಿನ ನೆಲವನ್ನು ಕಣ್ಣಿನಿಂದ ನೋಡಲೇಬೇಕು. ಕಣ್ಣು ಕಾಣದ ಮೀನು ಬಣ್ಣ ಹೊಂದಿಸಿಕೊಳ್ಳಲಾರದು.

ನಿನ್ನ ಎರಡನೇ ಮಾತು ಬಹಳ ಒಳ್ಳೆಯದು. ಹೆದರಿದರೆ ಏನು ಮಾಡುತ್ತದೆ? ನಮ್ಮ ಬೇಲಿಯ ಓತಿಕ್ಯಾತ ಏನು ಮಾಡುತ್ತದೆ ಹೇಳು. ಮೊದಲು ಅಲುಗದೆ ನಿಲ್ಲುತ್ತದೆ. ಈ ಮೀನೂ ಅಷ್ಟೇ. ಬಚ್ಚಿಟ್ಟುಕೊಳ್ಳುವುದನ್ನು ಇಷ್ಟು ಚೆನ್ನಾಗಿ ಕಲಿತ ಮೇಲೆ ಓಡಿದರೆ ನಷ್ಟ, ಓಡಿದ ಕೂಡಲೇ ಕಂಡುಬಿಡುತ್ತದೆ. ಸೀಸದ ಗುಂಡು ಧಪ್ ಅಂತ ಪಕ್ಕದಲ್ಲಿ ಬಿದ್ದರೆ ಇನ್ನಷ್ಟು ಒತ್ತಿ ಮಲಗುತ್ತದೆ. ಮೇಲೇ ಬಿದ್ದರೆ ಮಾತ್ರ ಎದ್ದು ಓಡುತ್ತದೆ. ಹೆದರಿಕೆ ಇಳಿದ ಮೇಲೆ ಕಣ್ಣು ತಿರುಗುತ್ತದೆ, ಗಾಳದ ಹುಳು ಅಲ್ಲಾಡುವುದು ಕಾಣುತ್ತದೆ.

ಪ್ರಶ್ನೆ: ನಮ್ಮೂರ ಕೆರೆಗೆ ಹೇಮಾವತಿ ನೀರು ಬಂದ ಮೇಲೆ ಮತ್ತೆ ಮೀನು ಸಿಗುತ್ತಿದೆ. ಮುದ್ದೆ ಉಂಡೆ, ಎರೆಹುಳು ಎರಡೂ ಹಾಕುತ್ತೇವೆ. ತಳದಲ್ಲಿ ಮೇಯುವ ಕೆರೆ ಮೀನೂ ನಿಮ್ಮ ಸಮುದ್ರದ ಮೀನಿನ ಹಾಗೆ ಮಾಡುತ್ತದಾ?
— ತುಮಕೂರು ತಾಲ್ಲೂಕಿನ ರೈತರು

ಉತ್ತರ: ಸ್ವಲ್ಪ ಹೌದು, ಸ್ವಲ್ಪ ಇಲ್ಲ. ಕೆರೆಯಲ್ಲಿ ಚಪ್ಪಟೆ ಮೀನು ಇಲ್ಲ. ತಳ ಕೆದಕುವುದರಲ್ಲಿ ಮುಂದಿರುವುದು ಸಾಮಾನ್ಯ ಗೆಂಡೆ. ಅದರ ಬಾಯಿ ಕೊಳವೆಯ ಹಾಗೆ ಕೆಳಕ್ಕೆ ಚಾಚುತ್ತದೆ. ಕೆಸರು ಸಮೇತ ಹೀರಿಕೊಂಡು ಬಾಯಲ್ಲಿ ಆರಿಸಿ, ಬೇಡದ್ದನ್ನು ಉಗುಳುತ್ತದೆ. ನಿಮ್ಮ ಮುದ್ದೆ ಉಂಡೆಯನ್ನೂ ಹಾಗೇ ಎರಡು ಮೂರು ಸಲ ಒಳಗೆ ಎಳೆದು ಹೊರಗೆ ಬಿಡುತ್ತದೆ. ಬೆಂಡು ಕುಣಿಯುತ್ತದೆ, ಮುಳುಗುವುದಿಲ್ಲ. ಕುಣಿದಾಗ ಎಳೆದರೆ ಸಿಗುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸರಿಯಾಗಿ ಬಾಯಿಗೆ ಸೇರಿತು, ಕೊಕ್ಕೆ ಚುಚ್ಚಿತು ಅಂದರೆ ಓಡುತ್ತದೆ. ಓಟದಲ್ಲೇ ಚಪ್ಪಟೆ ಮೀನಿಗೂ ಇದಕ್ಕೂ ವ್ಯತ್ಯಾಸ. ಜಿಲೇಬಿ ಮೀನು ಹುಳುವಿನ ತುದಿ ಕಚ್ಚಿ ಕಚ್ಚಿ ಗಾಳ ಖಾಲಿ ಮಾಡುವುದರಲ್ಲಿ ಪ್ಲೇಸ್‌ನಷ್ಟೇ ಜಾಣ. ಅದಕ್ಕೂ ಚಿಕ್ಕ ಎರೆ, ಚಿಕ್ಕ ಕೊಕ್ಕೆಯೇ ಮದ್ದು.

ಸೋಲ್‌ಗೆ ಹತ್ತಿರ ಬರುವುದು ಮೀಸೆ ಇರುವ ಮೀನುಗಳು. ಅವಕ್ಕೆ ನಾಲಿಗೆಯ ರುಚಿ ಮೀಸೆಯಲ್ಲೂ ಇದೆ. ಕದಡಿದ ನೀರಿನಲ್ಲಿ, ರಾತ್ರಿಯಲ್ಲಿ ತಡವಿ ತಡವಿ ಹುಡುಕುತ್ತವೆ. ಹಾವುಮೀನು ಇನ್ನೊಂದು ಥರ. ಕಚ್ಚಿದ್ದನ್ನು ತೆಗೆದುಕೊಂಡು ಬಿಲಕ್ಕೆ ಹಿಂದೆ ಸರಿಯುತ್ತದೆ. ತಡ ಮಾಡಿದರೆ ಕಲ್ಲಿನ ಸಂದಿಯಿಂದ ಎಳೆಯಲು ಆಗುವುದಿಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಕೆರೆಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಮತ್ತೆ ನೀರಿಗೆ ಬಿಡಬೇಡಿ. ಅದನ್ನು ಸಾಕುವುದೇ ನಮ್ಮ ದೇಶದಲ್ಲಿ ನಿಷಿದ್ಧ. ನಮ್ಮ ಕೆರೆಯ ಸಣ್ಣ ಮೀನುಗಳನ್ನೆಲ್ಲ ತಿಂದು ಮುಗಿಸುತ್ತದೆ.

ಪ್ರಶ್ನೆ: ಒಂದು ಹೋಟೆಲಿನಲ್ಲಿ ಸೋಲ್ ಫ್ರೈ ಅಂತ ದಪ್ಪ ದಪ್ಪ ತುಂಡು ಕೊಟ್ಟರು. ನೀವು ಬರೆದದ್ದು ತೆಳ್ಳಗಿನ ಮೀನು. ಯಾವುದು ಸರಿ?
— ಚಿಕ್ಕಬಳ್ಳಾಪುರದ ಗೃಹಿಣಿ

ಉತ್ತರ: ನಿಮ್ಮ ಅನುಮಾನ ಸರಿ ಇರಬಹುದು. ಬಾಸಾ ಅಂತ ಕರೆಯುವ, ಕೊಳದಲ್ಲಿ ಸಾಕಿದ ಕ್ಯಾಟ್‌ಫಿಶ್ ಜಾತಿಯ ಮೀನನ್ನು ಬೇರೆ ಹೆಸರಿನಲ್ಲಿ ಬಡಿಸುವುದು ಎಷ್ಟೋ ಕಡೆ ಇದೆ. ಬಾಸಾ ತುಂಡು ದಪ್ಪ, ಬೆಳ್ಳಗೆ, ಮುಳ್ಳೇ ಇಲ್ಲದ್ದು. ಹಸಿ ತುಂಡಾದರೆ ನಡುವೆ ಉದ್ದಕ್ಕೆ ಒಂದು ಕೆಂಪು ಗೆರೆ ಕಾಣುತ್ತದೆ. ನಮ್ಮ ನಂಗು ಗೇಣುದ್ದವೂ ಇರುವುದಿಲ್ಲ, ಮಾವಿನೆಲೆಯ ಹಾಗಿರುತ್ತದೆ. ಅದರಿಂದ ದಪ್ಪ ತುಂಡು ಬರಲು ಸಾಧ್ಯವೇ ಇಲ್ಲ. ಬಾಸಾ ತಿನ್ನಲು ಕೆಟ್ಟದ್ದೇನಲ್ಲ. ಆದರೆ ದುಡ್ಡು ಕೊಡುವವರಿಗೆ ಹೆಸರು ಸರಿಯಾಗಿ ಹೇಳಬೇಕು. ಮುಂದಿನ ಸಲ ಆರ್ಡರ್ ಮಾಡುವ ಮೊದಲೇ ಕೇಳಿ.

ಮನೆಯಲ್ಲಿ ಮಾಡುವುದಾದರೆ ತಲೆಯ ಹತ್ತಿರ ಚರ್ಮವನ್ನು ಸ್ವಲ್ಪ ಸೀಳಿ, ಬೆರಳಿಗೆ ಕಲ್ಲುಪ್ಪು ಹಚ್ಚಿಕೊಂಡು ಬಾಲದ ಕಡೆಗೆ ಒಂದೇ ಎಳೆತ. ಕಾಲುಚೀಲ ಬಿಚ್ಚಿದ ಹಾಗೆ ಬರುತ್ತದೆ.

ಪ್ರಶ್ನೆ: ತುಮಕೂರಿನಲ್ಲಿ ನಂಗು ನೋಡಲು ಸಿಗುತ್ತದಾ? ಮಗನಿಗೆ ತೋರಿಸಬೇಕು.
— ತುಮಕೂರು

ಉತ್ತರ: ಸಿಗುತ್ತದೆ, ದಿನಾ ಅಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಂಗು ದಡದ ಹತ್ತಿರ ಗುಂಪಾಗಿ ಬರುತ್ತದೆ, ಬಲೆಗೆ ಜಾಸ್ತಿ ಬೀಳುತ್ತದೆ. ಬಾಯಿ ತೀರಾ ಚಿಕ್ಕದು, ಗಾಳಕ್ಕೆ ಸಿಗುವುದು ಅಪರೂಪ. ಆ ತಿಂಗಳುಗಳಲ್ಲಿ ಕರಾವಳಿಯ ಮೀನು ತರಿಸುವ ಅಂಗಡಿಗೆ ಬೆಳಿಗ್ಗೆ ಬೇಗ ಹೋಗಿ, ಐಸ್ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ. ಒಂದೇ ಒಂದು ಸಾಕು. ಮನೆಗೆ ತಂದು ಅಗಲ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಇಡಿ. ಮೊದಲು ಮಗನಿಗೆ ಕಂದು ಮಗ್ಗುಲು ತೋರಿಸಿ, ಕಣ್ಣು ಎಣಿಸಲು ಹೇಳಿ. ಸಾಸಿವೆ ಕಾಳಿನಷ್ಟು ಚಿಕ್ಕವು, ಭೂತಗನ್ನಡಿ ಇದ್ದರೆ ಒಳ್ಳೆಯದು. ಆಮೇಲೆ ಬಾಯಿ ಹುಡುಕಲಿ. ಕೊಕ್ಕೆಯ ಹಾಗೆ ಬಾಗಿ ಕೆಳಗಡೆ ಇರುತ್ತದೆ, ಹುಡುಕಲು ಹೊತ್ತು ಹಿಡಿಯುತ್ತದೆ. ನೀವು ತೋರಿಸಬೇಡಿ, ಅವನೇ ಕಂಡುಹಿಡಿಯಲಿ. ತಿರುಗಿಸುವುದು ಕೊನೆಗೆ.